ಒಂದು ಕಣ್ಣು ಮುಚ್ಚಿ ಓದಿಸಿ

ಶಾಲೆಯಿಂದ ಬರುವ ಪ್ರೋಗ್ರೆಸ್ ರಿಪೋರ್ಟಿನಲ್ಲಿ ಮಾರ್ಕ್ಸ್ ಇರುವ ಪುಟವನ್ನು ನಾವು ನಾಲ್ಕು ಸಲ ನೋಡುತ್ತೇವೆ. ಅದರ ಹಿಂದಿನ ಪುಟವನ್ನು ನೋಡುವವರು ಕಡಿಮೆ. ಅಲ್ಲಿ ಎತ್ತರ, ತೂಕ, ಹಲ್ಲು, ಕಣ್ಣು ಅಂತ ಕೆಲವು ಸಾಲುಗಳಿರುತ್ತವೆ. ಕಣ್ಣಿನ ಮುಂದೆ ಬಹುಪಾಲು ಮಕ್ಕಳಿಗೆ ಒಂದೇ ಕೈಬರಹದಲ್ಲಿ ‘ನಾರ್ಮಲ್’ ಎಂದಿರುತ್ತದೆ. ಇತ್ತೀಚೆಗೆ ನಮ್ಮ ಸೊಸೈಟಿಯ ಕನ್ನಡಿಗರ ಗುಂಪಿನಲ್ಲಿ ಈ ಪುಟದ ಮಾತು ಬಂತು. ಯಾವ ಕಣ್ಣು ನಾರ್ಮಲ್, ಎಡಗಣ್ಣೋ ಬಲಗಣ್ಣೋ? ಎಷ್ಟು ದೂರದಿಂದ ಓದಿಸಿದರು? ದೊಡ್ಡವರಿಗೆ ಯಾರಿಗೂ ಗೊತ್ತಿರಲಿಲ್ಲ. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಹೇಳಿದಳು: “ಅಂಕಲ್, ಮಿಸ್ ಬಂದು ‘ಎಲ್ಲರಿಗೂ ಬೋರ್ಡ್ ಕಾಣತ್ತಾ?’ ಅಂದ್ರು. ನಾವು ‘ಯೆಸ್ ಮಿಸ್’ ಅಂದ್ವಿ.”

ಈ ಸಲದ ಅಂಕಣ ಆ ‘ಯೆಸ್ ಮಿಸ್’ ಬಗ್ಗೆ.

ಆ ಮಕ್ಕಳು ಯಾರೂ ಸುಳ್ಳು ಹೇಳಿದ್ದಲ್ಲ. ಹೊಟ್ಟೆನೋವು ಬಂದರೆ ಮಗುವಿಗೆ ಗೊತ್ತಾಗುತ್ತದೆ, ಏಕೆಂದರೆ ನಿನ್ನೆ ನೋವಿರಲಿಲ್ಲ. ಕಣ್ಣು ಮಂಜಾದರೆ ಗೊತ್ತಾಗುವುದಿಲ್ಲ. ಸಮೀಪದೃಷ್ಟಿ ಶುರುವಾಗುವುದು ರಾತ್ರೋರಾತ್ರಿ ಅಲ್ಲ, ನಿಧಾನವಾಗಿ. ಹುಟ್ಟಿನಿಂದಲೇ ಒಂದು ಕಣ್ಣು ಮಂದವಾಗಿದ್ದರಂತೂ ಆ ಮಗುವಿಗೆ ಹೋಲಿಸಿ ನೋಡಲು ಬೇರೆ ಪ್ರಪಂಚವೇ ಇಲ್ಲ. ದೂರದ ಮರ ಎಂದರೆ ಎಲ್ಲರಿಗೂ ಒಂದು ಹಸಿರು ಮುದ್ದೆ ಎಂದೇ ಅದು ನಂಬಿರುತ್ತದೆ. ಮೊದಲ ಸಲ ಕನ್ನಡಕ ಹಾಕಿದ ಮಕ್ಕಳು ಮರದಲ್ಲಿ ಒಂದೊಂದೇ ಎಲೆ ಕಾಣುತ್ತದೆ ಎಂದು ಬೆರಗಾಗುವುದನ್ನು ಕಣ್ಣಿನ ಡಾಕ್ಟರುಗಳು ಮತ್ತೆ ಮತ್ತೆ ಹೇಳುವುದು ಇದಕ್ಕೇ.

ಹಾಗಾಗಿ ಮಗು ದೂರು ಹೇಳುವುದಿಲ್ಲ. ಅದರ ಬದಲು ಬೇರೆಯವರು ಮಗುವಿನ ಮೇಲೆ ದೂರು ಹೇಳುತ್ತಾರೆ. ಬೋರ್ಡಿನಿಂದ ತಪ್ಪು ಬರೆದುಕೊಳ್ಳುತ್ತಾನೆ, ಪಕ್ಕದವನ ನೋಟ್ಸ್ ನೋಡುತ್ತಾನೆ, ಕ್ಲಾಸಿನಲ್ಲಿ ಗಮನವಿಲ್ಲ, ಕ್ಯಾಚ್ ಬಿಡುತ್ತಾನೆ, ಟಿವಿ ಹತ್ತಿರ ಹೋಗಿ ಕೂರುತ್ತಾನೆ. ಪೇರೆಂಟ್ಸ್ ಮೀಟಿಂಗಿನಲ್ಲಿ ಇವೆಲ್ಲ ಶಿಸ್ತಿನ ಪಟ್ಟಿಗೆ ಸೇರುತ್ತವೆ. ಟ್ಯೂಷನ್‌ಗೆ ಸೇರಿಸಿ ಎಂಬ ಸಲಹೆ ಬರುತ್ತದೆ. ಟ್ಯೂಷನ್ನಿನಲ್ಲೂ ಒಂದು ಬೋರ್ಡ್ ಇರುತ್ತದೆ.

ನಮ್ಮ ಮನೆಗಳಲ್ಲಿ ‘ದೃಷ್ಟಿ’ ಎಂಬ ಪದಕ್ಕೆ ಎರಡು ಅರ್ಥ. ಮಗು ಊಟ ಬಿಟ್ಟರೆ ದೃಷ್ಟಿಯಾಗಿದೆ ಎಂದು ಅಜ್ಜಿ ಉಪ್ಪು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕುತ್ತಾರೆ. ಮಹಾನಗರದ ಇಂಡಕ್ಷನ್ ಸ್ಟವ್ ಮೇಲೆ ಅದು ಸಾಧ್ಯವಿಲ್ಲದಿದ್ದರೂ ಕೆನ್ನೆಗೆ ಕಪ್ಪು ಬೊಟ್ಟಂತೂ ಇಟ್ಟೇ ಇಡುತ್ತೇವೆ. ಬೇರೆಯವರ ದೃಷ್ಟಿ ಮಗುವಿನ ಮೇಲೆ ಬೀಳದಂತೆ ಇಷ್ಟು ಎಚ್ಚರ ವಹಿಸುವ ನಾವು ಮಗುವಿನ ಸ್ವಂತ ದೃಷ್ಟಿ ಹೇಗಿದೆ ಎಂದು ನೋಡುವುದು ಅಪರೂಪ. ಕನ್ನಡಕಕ್ಕೆ ನಮ್ಮಲ್ಲಿದ್ದ ಹಳೆಯ ಹೆಸರು ಚಾಳೀಸು. ಇಲ್ಲಿ ಪುಣೆಯಲ್ಲಿ ಮರಾಠಿಯವರು ಚಾಳಿಶಿ ಎನ್ನುತ್ತಾರೆ. ಎರಡರಲ್ಲೂ ನಲವತ್ತು ಅಡಗಿದೆ. ಅಂದರೆ ಕನ್ನಡಕ ಎಂಬುದು ನಲವತ್ತು ದಾಟಿದವರ ವಸ್ತು ಎಂದು ಭಾಷೆಯೇ ತೀರ್ಮಾನಿಸಿಬಿಟ್ಟಿತ್ತು.

ಕಣ್ಣಿನ ವಿಷಯದಲ್ಲಿ ಕನ್ನಡಿಗರು ಹಿಂದೆ ಬಿದ್ದವರೇನಲ್ಲ. ಡಾ. ಎಂ. ಸಿ. ಮೋದಿಯವರ ಕಣ್ಣಿನ ಶಿಬಿರಗಳ ಕಥೆ ಕೇಳದ ಹಳೆಯ ತಲೆಮಾರಿನವರು ಕರ್ನಾಟಕದಲ್ಲಿ ಕಡಿಮೆ. ಒಂದೇ ದಿನ ನೂರಾರು ಜನರ ಪೊರೆ ತೆಗೆದು ಕಳಿಸುತ್ತಿದ್ದ ಮನುಷ್ಯ ಅವರು. 2006ರಲ್ಲಿ ರಾಜ್‌ಕುಮಾರ್ ಕಣ್ಣು ದಾನ ಮಾಡಿ ಹೋದರು. 2021ರಲ್ಲಿ ಪುನೀತ್ ಕೂಡ. ಆಮೇಲೆ ನೇತ್ರದಾನದ ಫಾರಂ ತುಂಬಲು ನಮ್ಮ ಜನ ಸಾಲುಗಟ್ಟಿ ನಿಂತದ್ದನ್ನು ನೋಡಿದ್ದೇವೆ. ಅಜ್ಜನ ಪೊರೆಯೂ ನಮಗೆ ಗೊತ್ತು, ಸತ್ತ ಮೇಲಿನ ದಾನವೂ ಗೊತ್ತು. ನಡುವೆ ಉಳಿದಿರುವುದು ಏಳೆಂಟು ವರ್ಷದ ಮಗು. ಅದಕ್ಕೆ ಬೇಕಿರುವುದು ಆಪರೇಷನ್ ಅಲ್ಲ, ದಾನವೂ ಅಲ್ಲ. ಗೋಡೆಗೆ ಅಂಟಿಸಿದ ಒಂದು ಹಾಳೆ ಮತ್ತು ಐದು ನಿಮಿಷ.

ಆ ಹಾಳೆಯ ಹಿಂದಿನ ಲೆಕ್ಕ ಚೆನ್ನಾಗಿದೆ. 1862ರಲ್ಲಿ ಹಾಲೆಂಡಿನ ಉಟ್ರೆಕ್ಟ್ ನಗರದ ಕಣ್ಣಿನ ಡಾಕ್ಟರ್ ಹರ್ಮನ್ ಸ್ನೆಲೆನ್ ಇದನ್ನು ರೂಪಿಸಿದರು. ನಾವು ಕೇಳುವ 6/6 ಎಂಬುದರಲ್ಲಿ ಮೇಲಿನ ಸಂಖ್ಯೆ ನೀವು ಎಷ್ಟು ಮೀಟರ್ ದೂರದಲ್ಲಿ ನಿಂತಿದ್ದೀರಿ ಎಂಬುದು. ಕೆಳಗಿನದು ಅದೇ ಅಕ್ಷರವನ್ನು ಸಾಮಾನ್ಯ ಕಣ್ಣು ಎಷ್ಟು ದೂರದಿಂದ ಗುರುತಿಸಬಲ್ಲದು ಎಂಬುದು. 6/60 ಎಂದರೆ ಬೇರೆಯವರು 60 ಮೀಟರ್ ದೂರದಿಂದ ಓದುವುದನ್ನು ಈ ಕಣ್ಣು 6 ಮೀಟರಿಗೆ ಬಂದು ಓದುತ್ತಿದೆ. 6 ಮೀಟರಿನಿಂದ ಓದುವ ಚಾರ್ಟಿನಲ್ಲಿ 6/6 ಸಾಲಿನ ಅಕ್ಷರ ಸುಮಾರು 8.7 ಮಿಲಿಮೀಟರ್ ಎತ್ತರವಿರಬೇಕು, 6/60ರ ಅಕ್ಷರ ಅದರ ಹತ್ತರಷ್ಟು. ನಮ್ಮಲ್ಲಿ ಶಾಲಾ ತಪಾಸಣೆಗೆ ಸಾಮಾನ್ಯವಾಗಿ 6/9 ಸಾಲನ್ನು ಗಡಿ ಎಂದು ಹಿಡಿಯುತ್ತಾರೆ. ಯಾವುದೇ ಒಂದು ಕಣ್ಣು ಆ ಸಾಲನ್ನು ಓದದಿದ್ದರೆ ಡಾಕ್ಟರ ಬಳಿ ಕಳಿಸಬೇಕು.

ಓದಲು ಬಾರದ ಮಕ್ಕಳಿಗೆ, ಅಥವಾ ಬೇರೆ ಬೇರೆ ಭಾಷೆಯ ಮಕ್ಕಳಿರುವ ಕಡೆ, ‘ಇ’ ಚಾರ್ಟ್ ಬಳಸುತ್ತಾರೆ. ಇಂಗ್ಲಿಷಿನ ‘ಇ’ ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿ ಹಾಕಿರುತ್ತಾರೆ. ಅದರ ಮೂರು ಕಾಲು ಯಾವ ಕಡೆ ಇವೆ ಎಂದು ಮಗು ಕೈಯಲ್ಲಿ ತೋರಿಸಿದರೆ ಸಾಕು. ನಮ್ಮಂಥ ವಲಸಿಗರಿಗೆ ಇದಕ್ಕಿಂತ ಒಳ್ಳೆಯ ಚಾರ್ಟ್ ಇಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿಯೋ ತಮಿಳೋ, ಶಾಲೆಯಲ್ಲಿ ಇಂಗ್ಲಿಷ್ ಎಂದು ಒದ್ದಾಡುವ ಮಗುವಿಗೆ ಅಕ್ಷರ ಗೊತ್ತಿಲ್ಲವೋ, ಅಕ್ಷರ ಕಾಣುತ್ತಿಲ್ಲವೋ ಎಂಬ ಗೊಂದಲ ಇದರಲ್ಲಿ ಬರುವುದಿಲ್ಲ.

ಆಫೀಸಿನ ಸ್ವಯಂಸೇವಕರ ತಂಡದ ಜೊತೆ ಹಿಂಜೆವಾಡಿ ಕಡೆಯ ಒಂದು ಸರ್ಕಾರಿ ಶಾಲೆಗೆ ಇಂಥ ತಪಾಸಣೆಗೆ ಹೋಗಿದ್ದೆ. ಒಂದು ಕಣ್ಣಿನ ಆಸ್ಪತ್ರೆಯ ಇಬ್ಬರು ಆಪ್ಟೋಮೆಟ್ರಿಸ್ಟುಗಳು ನಮಗೆ ಅರ್ಧ ಗಂಟೆ ತರಬೇತಿ ಕೊಟ್ಟು ಚಾರ್ಟಿನ ಪಕ್ಕ ನಿಲ್ಲಿಸಿದರು. ಕಡ್ಡಿಯಿಂದ ಅಕ್ಷರ ತೋರಿಸುವುದು ನನ್ನ ಕೆಲಸ. ವೃತ್ತಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವನಿಗೆ ಅಲ್ಲಿ ಮೊದಲು ಕಂಡದ್ದು ಟೆಸ್ಟ್ ಎಷ್ಟು ಸುಲಭವಾಗಿ ಕೆಡುತ್ತದೆ ಎಂಬುದು. ಕಣ್ಣು ಮುಚ್ಚು ಎಂದರೆ ಮಕ್ಕಳು ಬೆರಳುಗಳಿಂದ ಮುಚ್ಚುತ್ತಾರೆ, ಸಂದಿಯಲ್ಲಿ ಇಣುಕುತ್ತಾರೆ. ಸಾಲಿನಲ್ಲಿ ನಿಂತವರು ಮುಂದಿನವರ ಉತ್ತರ ಕೇಳಿ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಕಣ್ಣು ಕಿರಿದು ಮಾಡಿ ಒಂದೆರಡು ಸಾಲು ಹೆಚ್ಚಿಗೆ ಓದಿಬಿಡುತ್ತಾರೆ. ಹಿಂದೆ ನಿಂತ ಗೆಳೆಯ ಪಿಸುಗುಟ್ಟಿ ಸಹಾಯ ಮಾಡುತ್ತಾನೆ. ಅದನ್ನು ಅವರು ಮೋಸ ಎಂದುಕೊಂಡಿಲ್ಲ. ಶಾಲೆಯಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಅದು ಪರೀಕ್ಷೆ, ಪರೀಕ್ಷೆ ಎಂದರೆ ಪಾಸಾಗಬೇಕು, ಅಷ್ಟೇ. ಅದಕ್ಕೇ ಉಳಿದವರನ್ನು ಕೋಣೆಯ ಹೊರಗೆ ನಿಲ್ಲಿಸಿ, ಅಂಗೈಯನ್ನು ಬಟ್ಟಲಿನಂತೆ ಮಾಡಿ ಕಣ್ಣು ಒತ್ತದಂತೆ ಮುಚ್ಚಿಸಿ, ಅಕ್ಷರಗಳನ್ನು ಹಿಂದುಮುಂದಾಗಿ ಕೇಳಬೇಕು.

ಮೂರನೇ ಕ್ಲಾಸಿನ ಹುಡುಗನೊಬ್ಬ ಎರಡೂ ಕಣ್ಣು ಬಿಟ್ಟು ಕೊನೆಯ ಸಾಲಿನವರೆಗೆ ಓದಿದ. ಎಡಗಣ್ಣು ಮುಚ್ಚಿದಾಗಲೂ ಅಷ್ಟೇ ಚುರುಕಾಗಿ ಓದಿದ. ಬಲಗಣ್ಣು ಮುಚ್ಚಿಸಿದಾಗ ಸುಮ್ಮನಾದ. ಅತಿ ದೊಡ್ಡ ಅಕ್ಷರ ತೋರಿಸಿದರೂ ಕೈ ಎತ್ತಲಿಲ್ಲ. ಭಾಷೆ ಅರ್ಥವಾಗಲಿಲ್ಲವೇನೋ ಎಂದು ಟೀಚರ್ ಮರಾಠಿಯಲ್ಲಿ ಮತ್ತೊಮ್ಮೆ ಹೇಳಿದರು. ಹುಡುಗ ತಿರುಗಿ ಬಾಗಿಲಲ್ಲಿದ್ದ ತಾಯಿಯ ಕಡೆ ನೋಡಿ, “ಅವ್ವಾ, ಏನೂ ಕಾಣವಲ್ದು” ಎಂದ.

ಯಾದಗಿರಿ ಕಡೆಯ ಕುಟುಂಬ. ಹತ್ತಿರದ ಕಟ್ಟಡದ ಸೈಟಿನಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕಿದ್ದರು. ಕನ್ನಡ ಬರುತ್ತದೆಂದು ನನ್ನನ್ನು ಮಾತಾಡಲು ಕಳಿಸಿದರು. ತಾಯಿ ಒಪ್ಪಲಿಲ್ಲ. “ಇಲ್ರೀ ಅಣ್ಣಾರ, ಅಂವಗ ಛಲೋ ಕಾಣ್ತದರೀ. ಸೂಜ್ಯಾಗ ದಾರ ಅಂವನ ಪೋಣ್ಸಿ ಕೊಡ್ತಾನ್ರೀ ನನಗ” ಎಂದಳು. ಅವಳು ಹೇಳಿದ್ದು ನಿಜವೇ. ಒಂದು ಕಣ್ಣು ಪೂರ್ತಿ ಚೆನ್ನಾಗಿದ್ದರೆ ಸೂಜಿಗೆ ದಾರ ಪೋಣಿಸಬಹುದು, ಗೋಲಿ ಆಡಬಹುದು, ಕ್ಲಾಸಿಗೆ ಮೊದಲು ಬರಬಹುದು. “ಅಕ್ಕಾ, ನೀವು ಅಲ್ಲೇ ಬಾಗಿಲ ಹತ್ತಿರ ನಿಂತು ಬೆರಳು ತೋರಿಸಿ, ಅವನು ಎಣಿಸಲಿ” ಎಂದೆ. ಎಡಗಣ್ಣು ಮುಚ್ಚಿದಾಗ ಹುಡುಗ ಸರಿಯಾಗಿ ಮೂರು ಎಂದ. ಬಲಗಣ್ಣು ಮುಚ್ಚಿದಾಗ ಎರಡು ಎಂದ, ಆಮೇಲೆ ಐದು ಎಂದ. ತಾಯಿ ಕೈ ಇಳಿಸಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ದವಾಖಾನಿಗೆ ಯಾವ ಬಸ್ಸು ಹೋಗ್ತದರೀ?”

ಆಸ್ಪತ್ರೆಯಲ್ಲಿ ಅದನ್ನು ‘ಲೇಜಿ ಐ’ ಎಂದರು. ಕನ್ನಡದಲ್ಲಿ ಸೋಮಾರಿ ಕಣ್ಣು ಎಂಬ ಅನುವಾದ ಓಡಾಡುತ್ತಿದೆ. ಪಾಪ, ಕಣ್ಣಿನ ತಪ್ಪೇನಿಲ್ಲ. ಎರಡು ಕಣ್ಣುಗಳ ನಂಬರಿನಲ್ಲಿ ದೊಡ್ಡ ವ್ಯತ್ಯಾಸವಿದ್ದರೆ, ಅಥವಾ ಮೆಳ್ಳೆಗಣ್ಣಿದ್ದರೆ, ಮೆದುಳು ಸ್ಪಷ್ಟ ಚಿತ್ರ ಕಳಿಸುವ ಕಣ್ಣಿನ ಮಾತನ್ನಷ್ಟೇ ಕೇಳುತ್ತದೆ. ಇನ್ನೊಂದರ ಮಾತು ಕೇಳುವುದನ್ನು ಕಲಿಯುವುದೇ ಇಲ್ಲ. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಮರಿಯಾಗಿದ್ದಾಗ ಒಂದು ಕಣ್ಣನ್ನು ಕೆಲವು ವಾರ ಮುಚ್ಚಿಟ್ಟರೆ, ತೆರೆದ ಮೇಲೂ ಮೆದುಳು ಆ ಕಣ್ಣಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಬೆಳೆದ ಬೆಕ್ಕಿಗೆ ಹಾಗೆ ಮಾಡಿದರೆ ಏನೂ ಆಗುವುದಿಲ್ಲ. ನೋಟವನ್ನು ಕಲಿಯಲು ಒಂದು ವಯಸ್ಸಿದೆ ಎಂದು ತೋರಿಸಿದ ಆ ಕೆಲಸಕ್ಕೆ 1981ರಲ್ಲಿ ಅವರಿಗೆ ನೊಬೆಲ್ ಬಂತು.

ಮನುಷ್ಯರ ಮಕ್ಕಳಲ್ಲಿ ಆ ವಯಸ್ಸು ಸುಮಾರು ಏಳೆಂಟರವರೆಗೆ. ಅದಕ್ಕೆ ಮೊದಲು ಹಿಡಿದರೆ ಸರಿಯಾದ ಕನ್ನಡಕ ಮತ್ತು ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಗಂಟೆ ಪಟ್ಟಿ, ಇಷ್ಟರಲ್ಲೇ ಬಹಳಷ್ಟು ಸುಧಾರಿಸುತ್ತದೆ. ತಡವಾದರೆ ಫಲ ಕಡಿಮೆ, ಆದರೆ ಪೂರ್ತಿ ಬಾಗಿಲು ಮುಚ್ಚಿತು ಎಂದೂ ಅಲ್ಲ. ಹತ್ತು ಹನ್ನೆರಡು ವಯಸ್ಸಿನಲ್ಲಿ ಚಿಕಿತ್ಸೆ ಪಡೆದು ಸುಧಾರಿಸಿದ ಮಕ್ಕಳೂ ಇದ್ದಾರೆ. ಮೂರರಿಂದ ಐದು ವರ್ಷದೊಳಗೆ ಒಮ್ಮೆಯಾದರೂ ಪ್ರತಿ ಕಣ್ಣನ್ನೂ ಪ್ರತ್ಯೇಕವಾಗಿ ನೋಡಿಸಿ ಎಂದು ಡಾಕ್ಟರುಗಳು ಹೇಳುವುದು ಇದಕ್ಕೆ. ಒಂದನೇ ಕ್ಲಾಸಿಗೆ ಸೇರಿಸುವಾಗ ಯೂನಿಫಾರಂ ಅಳತೆ ಕೊಡುತ್ತೇವಲ್ಲ, ಆ ವಾರವೇ ಇದನ್ನೂ ಮುಗಿಸಬಹುದು.

ಈಗ ದೊಡ್ಡ ಲೆಕ್ಕಕ್ಕೆ ಬರೋಣ. ದೆಹಲಿಯ ಶಾಲಾ ಮಕ್ಕಳ ಮೇಲೆ ಏಮ್ಸ್ ವೈದ್ಯರು ನಡೆಸಿದ ಒಂದು ದೊಡ್ಡ ಅಧ್ಯಯನ 2015ರಲ್ಲಿ ಪ್ರಕಟವಾಯಿತು. 5ರಿಂದ 15 ವರ್ಷದ 9,884 ಮಕ್ಕಳನ್ನು ನೋಡಿದ್ದರು. ಅವರಲ್ಲಿ ಶೇ 13.1ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ಇತ್ತು. ಸಮೀಪದೃಷ್ಟಿ ಇದ್ದವರಲ್ಲಿ ಸರಿಯಾದ ಕನ್ನಡಕ ಹಾಕಿದ್ದವರು ನಾಲ್ವರಲ್ಲಿ ಒಬ್ಬರು ಮಾತ್ರ. ಸರ್ಕಾರಿ ಶಾಲೆಗಳಿಗಿಂತ ಖಾಸಗಿ ಶಾಲೆಗಳ ಮಕ್ಕಳಲ್ಲಿ ತೊಂದರೆ ಹೆಚ್ಚಿತ್ತು. ಅದಕ್ಕೂ ಮೊದಲು, 2002ರಲ್ಲಿ, ತೆಲಂಗಾಣದ ಮೆಹಬೂಬ್‌ನಗರ ಜಿಲ್ಲೆಯ ಹಳ್ಳಿಗಳ ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಸಮೀಪದೃಷ್ಟಿ ಕಂಡದ್ದು ಶೇ 4ರಷ್ಟು ಮಕ್ಕಳಲ್ಲಿ. ಕಾಲ, ಜಾಗ ಬೇರೆಯಾದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಲಾಗದು. ಆದರೂ ಕಿಟಕಿಯಾಚೆ ಎದುರು ಟವರಿನ ಬಾಲ್ಕನಿ ಬಿಟ್ಟರೆ ದೂರದ್ದೇನೂ ಕಾಣದ ಫ್ಲಾಟುಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮಂಥವರಿಗೆ ಅದರ ದಿಕ್ಕು ಅರ್ಥವಾಗುತ್ತದೆ.

ತಮಾಷೆ ಏನೆಂದರೆ, ತೊಂದರೆ ಹೆಚ್ಚಿರುವ ಕಡೆ ತಪಾಸಣೆಯ ವ್ಯವಸ್ಥೆ ಸಡಿಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರ ಸಂಚಾರಿ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೆ ಒಂದು ಸಲ ಹೋಗಬೇಕು. ನೋಡಬೇಕಾದ ಪಟ್ಟಿಯಲ್ಲಿ ದೃಷ್ಟಿದೋಷವೂ ಇದೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮದಡಿ ಶಿಕ್ಷಕರಿಗೇ ಚಾರ್ಟ್ ಹಿಡಿಯಲು ಕಲಿಸಿ, ಬಡ ಮಕ್ಕಳಿಗೆ ಉಚಿತ ಕನ್ನಡಕ ಕೊಡುವ ಪದ್ಧತಿಯೂ ಇದೆ. ಹೈದರಾಬಾದಿನ ಓದುಗರಿಗೆ ‘ಕಂಟಿ ವೆಲುಗು’ ನೆನಪಿರಬೇಕು. 2018ರ ಆಗಸ್ಟ್ 15ರಂದು ಶುರುವಾಗಿ ಇಡೀ ರಾಜ್ಯದ ಜನರ ಕಣ್ಣು ನೋಡಲು ಹೊರಟ ಕಾರ್ಯಕ್ರಮ ಅದು. ಆದರೆ ನಮ್ಮಲ್ಲಿ ಬಹುಪಾಲು ಜನ ಮಕ್ಕಳನ್ನು ಕಳಿಸುವ ಖಾಸಗಿ ಶಾಲೆಗಳಿಗೆ ಬಾಲ ಸ್ವಾಸ್ಥ್ಯದ ತಂಡ ಹೋಗುವುದಿಲ್ಲ. ಅಲ್ಲಿ ಒಳ್ಳೆಯ ಮ್ಯಾನೇಜ್‌ಮೆಂಟ್ ಇದ್ದರೆ ಆಸ್ಪತ್ರೆಯವರನ್ನು ಕರೆಸಿ ಸರಿಯಾಗಿ ಮಾಡಿಸುತ್ತಾರೆ. ಇಲ್ಲದಿದ್ದರೆ ‘ಬೋರ್ಡ್ ಕಾಣತ್ತಾ?’ ಎಂಬ ಒಂದೇ ಪ್ರಶ್ನೆಯಲ್ಲಿ ನಲವತ್ತು ಮಕ್ಕಳ ಕಾಲಂ ತುಂಬುತ್ತದೆ. ಲಕ್ಷಗಟ್ಟಲೆ ಫೀಸು ಕಟ್ಟುವವರ ಮಗು ತಪ್ಪಿಸಿಕೊಂಡು, ಕಟ್ಟಡ ಕೆಲಸದವರ ಮಗು ಸಿಕ್ಕಿಬೀಳುವುದು ಹೀಗೆ.

ಸಿಕ್ಕಿಬಿದ್ದ ಮಗುವಿನ ಕಥೆಯೂ ಅಲ್ಲಿಗೆ ಮುಗಿಯುವುದಿಲ್ಲ. ನಮ್ಮ ಆಫೀಸಿನ ಮಾತಿನಲ್ಲಿ ಹೇಳುವುದಾದರೆ, ಬಗ್ ಕಂಡುಹಿಡಿದು ಟಿಕೆಟ್ ಹಾಕಿದ ಮಾತ್ರಕ್ಕೆ ಅದು ಸರಿಹೋಗುವುದಿಲ್ಲ. ಯಾರಾದರೂ ಅದನ್ನು ಎತ್ತಿಕೊಂಡು ಮುಗಿಸಬೇಕು. ತಪಾಸಣೆ ದಿನ ಕೊಟ್ಟ ಚೀಟಿ ಸ್ಕೂಲ್ ಬ್ಯಾಗಿನಲ್ಲಿ ಟಿಫನ್ ಡಬ್ಬಿಯ ಕೆಳಗೆ ಒದ್ದೆಯಾಗಿ ಹೋಗುತ್ತದೆ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಖೋತಾ, ನಮ್ಮಂಥವರಿಗೆ ಒಂದು ದಿನದ ರಜೆ. ಊರಿಗೆ ಹೋಗಿ ಬಂದ ಮೇಲೆ ನೋಡೋಣ, ಪರೀಕ್ಷೆ ಮುಗಿಯಲಿ ಎಂದು ಮುಂದಕ್ಕೆ ಹೋಗುತ್ತದೆ. ಚೀನಾದ ಗ್ರಾಮೀಣ ಶಾಲೆಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಕನ್ನಡಕ ಬೇಕಿದ್ದ ಮಕ್ಕಳಲ್ಲಿ ಒಂದು ಗುಂಪಿಗೆ ಬರೀ ಚೀಟಿ ಕೊಟ್ಟರು, ಇನ್ನೊಂದಕ್ಕೆ ಶಾಲೆಯಲ್ಲೇ ಉಚಿತವಾಗಿ ಕನ್ನಡಕ ಕೊಟ್ಟರು. ವರ್ಷದ ಕೊನೆಯ ಗಣಿತ ಪರೀಕ್ಷೆಯಲ್ಲಿ ಕನ್ನಡಕ ಕೈಗೆ ಸಿಕ್ಕ ಮಕ್ಕಳು ಚೀಟಿಯವರಿಗಿಂತ ಮೇಲಿದ್ದರು. ಅವರಿಗೆ ಯಾವ ಟ್ಯೂಷನ್ನೂ ಕೊಟ್ಟಿರಲಿಲ್ಲ.

ಯಾದಗಿರಿಯ ಹುಡುಗನ ಚೀಟಿಗೂ ಇದೇ ಗತಿ ಆಗುತ್ತಿತ್ತೇನೋ. ಎರಡು ತಿಂಗಳಲ್ಲಿ ಆ ಕುಟುಂಬ ಹೈದರಾಬಾದಿನ ಇನ್ನೊಂದು ಸೈಟಿಗೆ ಹೋಯಿತು. ಅಷ್ಟರಲ್ಲಿ ಕನ್ನಡಕ ಸಿಕ್ಕಿತ್ತು, ಪಟ್ಟಿ ಶುರುವಾಗಿತ್ತು. ಆಸ್ಪತ್ರೆಯ ಕಾಗದಗಳ ಫೋಟೊ ತಾಯಿಯ ಫೋನಿನಲ್ಲಿತ್ತು. ಆ ಫೋಟೊ ತೋರಿಸಿ ಅಲ್ಲಿನ ಆಸ್ಪತ್ರೆಯಲ್ಲಿ ಮುಂದುವರಿಸಿದರು. ಕಳೆದ ಸಲ ಫೋನ್ ಮಾಡಿದಾಗ, ಎಡಗಣ್ಣು ಚಾರ್ಟಿನಲ್ಲಿ ಎರಡು ಸಾಲು ಕೆಳಗಿಳಿದಿದೆ ಎಂದಳು. ಪಟ್ಟಿ ಕಟ್ಟಿದರೆ ಓಣಿಯ ಹುಡುಗರು ನಗುತ್ತಾರಂತೆ, ಅದಕ್ಕೆ ಮನೆಯಲ್ಲೇ ಸಂಜೆ ಎರಡು ಗಂಟೆ ಕಟ್ಟಿ ಓದಿಸುತ್ತಾಳಂತೆ. ಊರಿಂದೂರಿಗೆ ಅಲೆಯುವ ಕುಟುಂಬಗಳಿಗೆ ನಾನು ಹೇಳುವುದು ಇಷ್ಟೇ: ಕಾಗದ ಕಳೆದರೂ ಫೋಟೊ ಇರಲಿ. ಕಣ್ಣಿನ ನಂಬರ್ ಓದಲು ಯಾವ ರಾಜ್ಯದ ಭಾಷೆಯೂ ಬೇಕಿಲ್ಲ.

ಓದು ಕಲಿತ ಮನೆಗಳಲ್ಲಿ ಅಡ್ಡಿ ಬೇರೆ ಥರದ್ದು. ಈ ಮಾತುಗಳನ್ನು ನೀವೂ ಕೇಳಿರುತ್ತೀರಿ. “ಇಷ್ಟು ಚಿಕ್ಕ ವಯಸ್ಸಿಗೇ ಕನ್ನಡಕವೇ? ಕ್ಯಾರೆಟ್ ತಿನ್ನಿಸಿ.” ವಿಟಮಿನ್ ಎ ಕಣ್ಣಿಗೆ ಬೇಕೇ ಬೇಕು, ಆದರೆ ಉದ್ದವಾಗಿ ಬೆಳೆದ ಕಣ್ಣುಗುಡ್ಡೆಯನ್ನು ಕ್ಯಾರೆಟ್ ಗಿಡ್ಡ ಮಾಡುವುದಿಲ್ಲ. ಸಮೀಪದೃಷ್ಟಿ ಎಂದರೆ ಬಹುತೇಕ ಅದೇ. “ಕನ್ನಡಕ ಹಾಕಿದರೆ ನಂಬರ್ ಏರುತ್ತದೆ, ಸ್ವಲ್ಪ ಕಡಿಮೆ ನಂಬರಿನದು ಹಾಕಿಸಿ.” 2002ರಲ್ಲಿ ಮಲೇಷ್ಯಾದಲ್ಲಿ ಇದನ್ನೇ ಪರೀಕ್ಷಿಸಿದಾಗ, ಕಡಿಮೆ ನಂಬರಿನ ಕನ್ನಡಕ ಹಾಕಿದ ಮಕ್ಕಳಿಗೇ ನಂಬರ್ ಹೆಚ್ಚು ವೇಗವಾಗಿ ಏರಿತು. “ಹೆಣ್ಣುಮಗು, ಮುಂದೆ ಮದುವೆಗೆ ಕಷ್ಟ.” ಇದಕ್ಕೆ ನನ್ನ ಉತ್ತರ ಒಂದೇ. ಮದುವೆಗೆ ಇನ್ನೂ ಇಪ್ಪತ್ತು ವರ್ಷವಿದೆ, ನಾಳೆ ಬೆಳಿಗ್ಗೆ ಅವಳು ರಸ್ತೆ ದಾಟಬೇಕಿದೆ.

ಇನ್ನೊಂದು ಎಚ್ಚರ. ಮಾಲಿನ ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂರಿಸಿ ಎರಡು ನಿಮಿಷದಲ್ಲಿ ನಂಬರ್ ಕೊಡುತ್ತಾರೆ. ದೊಡ್ಡವರಿಗೆ ಅದರಿಂದ ಶುರು ಮಾಡಬಹುದು. ಮಕ್ಕಳ ಕಣ್ಣಿನ ಮಸೂರ ಬಹಳ ಬಲಶಾಲಿ, ಹತ್ತಿರಕ್ಕೆ ಜೂಮ್ ಆಗುತ್ತಲೇ ಇರುತ್ತದೆ. ಹಾಗಾಗಿ ಯಂತ್ರ ಇಲ್ಲದ ಸಮೀಪದೃಷ್ಟಿಯನ್ನು ತೋರಿಸಬಹುದು, ಇರುವ ದೂರದೃಷ್ಟಿಯನ್ನು ಮುಚ್ಚಿಡಬಹುದು. ಅದಕ್ಕೇ ಮೊದಲ ಕನ್ನಡಕಕ್ಕೆ ಮುಂಚೆ ಕಣ್ಣಿನ ಡಾಕ್ಟರ ಬಳಿ ಹನಿ ಹಾಕಿಸಿ ಪರೀಕ್ಷೆ ಮಾಡಿಸಬೇಕು. ಒಂದೆರಡು ದಿನ ಹತ್ತಿರದ್ದು ಮಂಜಾಗಿ, ಬೆಳಕು ಚುಚ್ಚಿದಂತಾಗುತ್ತದೆ. ಶನಿವಾರ ಹಾಕಿಸಿದರೆ ಹೋಮ್‌ವರ್ಕಿಗೆ ಒಳ್ಳೆಯ ನೆಪ ಸಿಕ್ಕಿತೆಂದು ಮಗುವಿಗೂ ಖುಷಿ. ಇದೇ ಕಾರಣಕ್ಕೆ ಗೋಡೆಯ ಚಾರ್ಟಿನಲ್ಲಿ ಪಾಸಾದ ಮಗುವಿಗೂ ಓದುವಾಗ ತಲೆನೋವು, ಕಣ್ಣುಜ್ಜುವುದು, ಓದನ್ನೇ ತಪ್ಪಿಸಿಕೊಳ್ಳುವುದು ಕಂಡರೆ ಡಾಕ್ಟರ ಬಳಿ ಹೋಗಬೇಕು. ಚಾರ್ಟ್ ಜರಡಿ ಮಾತ್ರ, ತೀರ್ಪಲ್ಲ. ಫೋಟೊದಲ್ಲಿ ಮಗುವಿನ ಪಾಪೆ ಬಿಳಿಯಾಗಿ ಹೊಳೆದರೆ, ಅಥವಾ ಕಣ್ಣು ಓರೆಯಾಗಿ ಕಂಡರೆ ಚಾರ್ಟಿಗೂ ಕಾಯಬೇಡಿ. ಬಿಳಿ ಪಾಪೆಯ ಹಿಂದೆ ಕಣ್ಣಿನ ಕ್ಯಾನ್ಸರ್ ಕೂಡ ಇರಬಹುದು. ಅದರಲ್ಲಿ ಒಂದೊಂದು ವಾರವೂ ಮುಖ್ಯ.

ಬರುವುದನ್ನು ತಡೆಯಲು ಏನಾದರೂ ಇದೆಯೇ? ಗಟ್ಟಿ ಪುರಾವೆ ಇರುವ, ದುಡ್ಡು ಬೇಡದ ಒಂದು ಉಪಾಯವಿದೆ, ಬಯಲು. ಚೀನಾದ ಗುವಾಂಗ್‌ಝೌ ನಗರದಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ದಿನಕ್ಕೆ 40 ನಿಮಿಷದ ಒಂದು ಹೊರಾಂಗಣ ಪೀರಿಯಡ್ ಹೆಚ್ಚಿಗೆ ಕೊಟ್ಟು ಮೂರು ವರ್ಷ ನೋಡಿದರು. ಆ ಪೀರಿಯಡ್ ಇಲ್ಲದ ಶಾಲೆಗಳಲ್ಲಿ ಶೇ 39.5ರಷ್ಟು ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂತು, ಇದ್ದ ಶಾಲೆಗಳಲ್ಲಿ ಶೇ 30.4ರಷ್ಟು. ತೈವಾನ್ 2010ರಿಂದ ಶಾಲೆಗಳಲ್ಲಿ ದಿನಕ್ಕೆ 120 ನಿಮಿಷ ಹೊರಗಿರುವ ಗುರಿ ಇಟ್ಟುಕೊಂಡಿದೆ. ಅಲ್ಲಿ ಮಗು ಏನು ಆಡಿತು ಎಂಬುದಕ್ಕಿಂತ ಹಗಲು ಬೆಳಕಿನಲ್ಲಿ ಇತ್ತೇ ಎಂಬುದು ಮುಖ್ಯ. ಪೋಡಿಯಂ ಪಾರ್ಕಿಂಗಿನ ಟ್ಯೂಬ್‌ಲೈಟ್ ಕೆಳಗೆ ರಾತ್ರಿ ಎಂಟಕ್ಕೆ ಸೈಕಲ್ ಹೊಡೆಸಿದರೆ ಕಾಲಿಗೆ ವ್ಯಾಯಾಮವಾದೀತು, ಕಣ್ಣಿಗೆ ಆ ಲಾಭವಿಲ್ಲ.

ಮನೆಯಲ್ಲಿ ನೋಡಬೇಕೆಂದರೆ ಹೀಗೆ ಮಾಡಿ. ಫ್ಲಾಟಿನ ಹಾಲಿನಲ್ಲಿ 6 ಮೀಟರ್ ಸಿಗುವುದು ಕಷ್ಟ, ಲಿಫ್ಟ್ ಮುಂದಿನ ಕಾರಿಡಾರಿನಲ್ಲಿ ಸಿಗುತ್ತದೆ. ಅದೂ ಇಲ್ಲದಿದ್ದರೆ 3 ಮೀಟರಿನ ಚಾರ್ಟ್ ತೆಗೆದುಕೊಳ್ಳಿ. ಫೋನಿನ ಪರದೆಯ ಮೇಲೆ ಬೇಡ, ಅಳತೆ ತಪ್ಪುತ್ತದೆ. ಪ್ರಿಂಟ್ ತೆಗೆದು ಸ್ಕೇಲಿನಿಂದ ಅಳೆಯಿರಿ. 6/9 ಸಾಲಿನ ಅಕ್ಷರ 6 ಮೀಟರಿನ ಚಾರ್ಟಿನಲ್ಲಿ ಸುಮಾರು 13 ಮಿಲಿಮೀಟರ್, 3 ಮೀಟರಿನದರಲ್ಲಿ ಆರೂವರೆ ಇರಬೇಕು. ಒಳ್ಳೆಯ ಬೆಳಕಿರಲಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಿ ಓದಿಸಿ, ಆಮೇಲೆ ಇನ್ನೊಂದು. ಬಲ, ಎಡ ಎಂದು ಬೇರೆ ಬೇರೆ ಬರೆದಿಡಿ, ದಿನಾಂಕ ಹಾಕಿ. ತಪ್ಪು ಹೇಳಿದಾಗ ಗದರಬೇಡಿ, ಗದರಿದರೆ ಊಹೆ ಶುರುವಾಗುತ್ತದೆ. ವರ್ಷಕ್ಕೊಮ್ಮೆ ಮಾಡಿ. ಇಲ್ಲಿ ಪಾಸಾದರೂ ಶಾಲೆಗೆ ಸೇರುವ ಮುಂಚಿನ ಡಾಕ್ಟರ ಪರೀಕ್ಷೆಯನ್ನು ಬಿಡಬೇಡಿ.

ಕೊನೆಯದಾಗಿ ನಮ್ಮ ಸಂಘಗಳಿಗೆ ಒಂದು ಮಾತು. ಮುಂಬೈ, ಪುಣೆ, ಚೆನ್ನೈ, ದೆಹಲಿ, ಹೈದರಾಬಾದ್ ಎಲ್ಲ ಕಡೆಯೂ ನವೆಂಬರ್ ಬಂತೆಂದರೆ ರಾಜ್ಯೋತ್ಸವ, ಅದರ ಜೊತೆ ಎಷ್ಟೋ ಕಡೆ ಆರೋಗ್ಯ ಶಿಬಿರ. ಬಿ.ಪಿ., ಶುಗರ್, ಪೊರೆ ತಪಾಸಣೆಗೆ ಹಿರಿಯರು ಸಾಲು ನಿಲ್ಲುತ್ತಾರೆ. ಮಕ್ಕಳು ಅದೇ ಹೊತ್ತಿಗೆ ಸ್ಟೇಜಿನ ಹಿಂದೆ ಡ್ಯಾನ್ಸಿಗೆ ಮೇಕಪ್ ಹಾಕಿಸಿಕೊಳ್ಳುತ್ತಿರುತ್ತಾರೆ. ಈ ವರ್ಷ ಅವರಿಗೂ ಒಂದು ಟೇಬಲ್ ಹಾಕಿ. ಊರಿನ ಕಣ್ಣಿನ ಆಸ್ಪತ್ರೆಯ ಹೊರಸಂಪರ್ಕ ವಿಭಾಗವನ್ನು ಕೇಳಿದರೆ ಒಬ್ಬ ಆಪ್ಟೋಮೆಟ್ರಿಸ್ಟ್ ಸಿಗುತ್ತಾರೆ, ಕಡ್ಡಿ ಹಿಡಿಯಲು ನಮ್ಮಲ್ಲೇ ಬೇಕಾದಷ್ಟು ಜನರಿದ್ದಾರೆ. ಸಭಾಂಗಣದ ಒಳಗಿನ ಮಕ್ಕಳಷ್ಟೇ ಅಲ್ಲ, ಆ ಸಭಾಂಗಣ ಕಟ್ಟಿದ, ಪಕ್ಕದ ಸೈಟಿನಲ್ಲಿ ಕನ್ನಡವನ್ನೇ ಮಾತಾಡುವ ಮನೆಗಳ ಮಕ್ಕಳನ್ನೂ ಕರೆಯಿರಿ. ಅವರ ತಾಯಂದಿರಿಗೆ ಚೀಟಿಯಲ್ಲಿ ಏನು ಬರೆದಿದೆ ಎಂದು ಅವರದೇ ಮಾತಿನಲ್ಲಿ ಹೇಳಲು ಒಬ್ಬರು ಇರಲಿ. ಚೀಟಿ ಪಡೆದ ಪ್ರತಿ ಮಗುವಿನ ಮುಂದೆ ಸಂಘದ ಒಬ್ಬ ಸದಸ್ಯರ ಹೆಸರು ಬರೆಯಿರಿ. ಕನ್ನಡಕ ಆ ಮಗುವಿನ ಮೂಗಿನ ಮೇಲೆ ಕೂರುವವರೆಗೆ ಫೋನ್ ಮಾಡುವ ಜವಾಬ್ದಾರಿ ಅವರದು.